ಪಟ್ಟಿಯ ಕೊನೆಯ ಮೂಗು

ಹಿಲ್ಮಾ ರೌಟಿಯೊ ಒಳಗೆ ಬಂದವರು ಕುರ್ಚಿಯ ಕಡೆ ತಿರುಗಿಯೂ ನೋಡಲಿಲ್ಲ. ಮೂಗಿಗೆ ದಪ್ಪ ಬ್ಯಾಂಡೇಜು ಇದ್ದುದರಿಂದ ಕನ್ನಡಕ ಕೂರುತ್ತಿರಲಿಲ್ಲ. ಅದನ್ನು ಭೂತಗನ್ನಡಿಯ ಹಾಗೆ ಕೈಯಲ್ಲಿ ಹಿಡಿದುಕೊಂಡು ಗೋಡೆಯ ಮೇಲಿದ್ದ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ಓದುತ್ತ ಹೋದರು. ಡಾಕ್ಟರ್ ಮಾರಿಟ್ ಸೊಲ್ಬರ್ಗ್ ಸುಮ್ಮನೆ ಕಾದಳು. ಹಿಲ್ಮಾಗೆ ಅರವತ್ತೊಂದು ವರ್ಷ. ಮೂವತ್ತು ಚಳಿಗಾಲ ಅಮೆರಿಕದ ಡುಲೂತ್ ಊರಿನ ಕಡಿದಾದ ರಸ್ತೆಗಳಲ್ಲಿ, ಹಿಮದ ಮೇಲೆ, ಶಾಲೆಯ ಬಸ್ಸು ಓಡಿಸಿದವರು. ಇಂಥವರನ್ನು ಅವಸರಪಡಿಸುವುದು ಯಾರಿಂದಲೂ ಆಗುವ ಕೆಲಸವಲ್ಲ.

“ಇಲ್ಲಿ ಕಿವಿ, ಮೂಗು, ಗಂಟ್ಲು ಅಂತ ಬರ್ದಿದೆ,” ಎಂದರು ಕೊನೆಗೆ. “ಮುಖದ್ದು ಎಲ್ಲಿ?”

“ಮುಖದ್ದು ಏನು?”

“ಮುಖದ ಪ್ಲಾಸ್ಟಿಕ್ ಸರ್ಜರಿಗೆ ಬೇರೆ ಪರೀಕ್ಷೆ ಬೋರ್ಡು ಇರುತ್ತಂತಲ್ಲ, ಅದರ ಸರ್ಟಿಫಿಕೇಟು. ನಮ್ಮ ನಾದಿನಿ ಹೇಳಿ ಕಳ್ಸಿದಾಳೆ, ಇನ್ನೇನು ಕೇಳ್ದಿದ್ರೂ ಇದೊಂದು ಕೇಳು ಅಂತ. ಅವಳ ಗೆಳತಿಯೊಬ್ಳು, ಬಾಗಿಲಿಗೆ ‘ಬೋರ್ಡ್ ಸರ್ಟಿಫೈಡ್’ ಅಂತ ಬೋರ್ಡು ಹಾಕ್ಕೊಂಡಿದ್ದೋನ ಹತ್ರ ರೆಪ್ಪೆ ಸರಿ ಮಾಡಿಸ್ಕೊಂಡ್ಳು. ಆಮೇಲೆ ವಿಚಾರಿಸಿದ್ರೆ ಅವನ ಸರ್ಟಿಫಿಕೇಟು ಹೊಟ್ಟೆ ಕಾಯಿಲೇದು. ಪಾಪ, ಈಗ ಅವ್ಳು ಅರ್ಧ ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಾಳೆ.”

ಈ ಪ್ರಶ್ನೆಗೆ ಮಾರಿಟ್ ಬಳಿ ಒಂದು ಸಿದ್ಧ ಉತ್ತರವಿತ್ತು. ‘ನನಗೆ ಬೋರ್ಡ್ ಸರ್ಟಿಫಿಕೇಟ್ ಇದೆ’ ಎಂದರೆ ಮುಗಿಯುತ್ತಿತ್ತು. ಅದು ಸುಳ್ಳೂ ಅಲ್ಲ. ಕಿವಿ-ಮೂಗು-ಗಂಟಲಿನ ಮಂಡಳಿ ಕೊಟ್ಟದ್ದು ಅಲ್ಲೇ ಗೋಡೆಯ ಮೇಲಿತ್ತು. ಹಿಂದೆ ಒಂದೆರಡು ಸಲ ಹಾಗೆ ಹೇಳಿ ಪಾರಾಗಿಯೂ ಇದ್ದಳು. ಕೇಳಿದವರು ತಲೆಯಾಡಿಸಿ ಸುಮ್ಮನಾಗಿದ್ದರು. ಆದರೆ ಇವರು ಅಕ್ಷರ ಬಿಡದೆ ಓದಿಕೊಂಡು ಆಮೇಲೆ ಕೇಳುತ್ತಿದ್ದರು.

“ಇನ್ನೂ ಸಿಕ್ಕಿಲ್ಲ,” ಎಂದಳು ಮಾರಿಟ್. “ಮೊದ್ಲು ಈ ಕಿವಿ-ಮೂಗಿನ ಬೋರ್ಡು ಪಾಸಾಗ್ಬೇಕು. ಆಮೇಲೆ ಒಂದು ವರ್ಷ ಮುಖದ ಕೆಲ್ಸ ಮಾತ್ರ ಕಲೀಬೇಕು. ಅವೆರಡೂ ಆಗಿದೆ. ಆಮೇಲೆ ಎರಡು ವರ್ಷ ನಾನೇ ಮಾಡಿರೋ ಅಷ್ಟೂ ಆಪರೇಷನ್ನಿನ ಪಟ್ಟಿ ಕೊಡ್ಬೇಕು. ಚೆನ್ನಾಗಿ ಆಗಿರೋದನ್ನ ಆರಿಸಿ ಕೊಡೋ ಹಾಗಿಲ್ಲ, ಎಲ್ಲ ಕೊಡ್ಬೇಕು. ಈ ಡಿಸೆಂಬರಿಗೆ ಎರಡು ವರ್ಷ ತುಂಬುತ್ತೆ. ಜೊತೆಗೆ ಪರೀಕ್ಷೆ.”

“ಪರೀಕ್ಷೆಗೆ ಕೂತ್ರಾ?”

“ಕೂತೆ. ಬರೆಯೋದ್ರಲ್ಲಿ ಪಾಸಾದೆ. ಎದುರಿಗೆ ಕೂರಿಸ್ಕೊಂಡು ಕೇಳೋದ್ರಲ್ಲಿ ಫೇಲಾದೆ.”

ಅಲ್ಲಿಯವರೆಗೆ ನಿಂತೇ ಇದ್ದ ಹಿಲ್ಮಾ ಈಗ ಕುರ್ಚಿ ಎಳೆದುಕೊಂಡು ಕೂತರು.

“ಬಸ್ಸಿನ ಲೈಸೆನ್ಸಿಗೆ ನಾನು ಎರಡು ಸಲ ಫೇಲಾದೆ ಡಾಕ್ಟ್ರೇ. ಮುಂದಕ್ಕೆ ಎಲ್ಲಾರೂ ಓಡಿಸ್ತಾರೆ. ಹಿಂದಕ್ಕೆ ತೆಗ್ಯೋದು ನಂಗೆ ಬರ್ತಿರ್ಲಿಲ್ಲ. ನೀವು ಯಾವುದ್ರಲ್ಲಿ ಬಿದ್ರಿ?”

ಈ ಸಂಗತಿಯನ್ನು ಮಾರಿಟ್, ಕ್ಲಿನಿಕ್ಕಿನ ನರ್ಸ್ ಥೆಲ್ಮಾ ಬುಶಾರಳಿಗೆ ಬಿಟ್ಟರೆ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಪರಿಚಯವಿಲ್ಲದ ಬಸ್ ಡ್ರೈವರಿಗೆ ಹೇಳುತ್ತಿದ್ದೇನಲ್ಲ ಎಂದು ಅವಳಿಗೇ ವಿಚಿತ್ರವೆನಿಸಿತು.

“ಹಚ್ಚಿದ ಚರ್ಮ ನೀಲಿ ಆಗ್ತಾ ಇದೆ, ಏನ್ ಮಾಡ್ತೀರಿ ಅಂದ್ರು. ಹೇಳ್ದೆ. ಅದ್ರಿಂದ ಸರಿಹೋಗ್ಲಿಲ್ಲ, ಈಗೇನು ಮಾಡ್ತೀರಿ ಅಂದ್ರು. ಇನ್ನೊಂದು ಹೇಳ್ದೆ. ಅದ್ರಿಂದಾನೂ ಸರಿಹೋಗ್ಲಿಲ್ಲ ಅಂದ್ರು. ಸರಿಹೋಗ್ಲೇಬೇಕು ಅಂದೆ.”

“ಹೋಗ್ಲೇಬೇಕು ಅಂದ್ರಾ!” ಹಿಲ್ಮಾ ನಕ್ಕರು. ನಕ್ಕರೆ ಮೂಗು ನೋಯುತ್ತಿತ್ತು. ಕೈ ಅಡ್ಡ ಹಿಡಿದುಕೊಂಡು ನಕ್ಕರು.

ಬ್ಯಾಂಡೇಜು ಬಿಚ್ಚಿ ನೋಡಿದರೆ ನಗುವ ಸಂಗತಿಯೇನೂ ಇರಲಿಲ್ಲ. ಚರ್ಮದ ಡಾಕ್ಟರು ಕ್ಯಾನ್ಸರನ್ನು ಬುಡಸಮೇತ ಕಿತ್ತು ಕಳಿಸಿದ್ದರು. ಎಡಗಡೆಯ ಹೊಳ್ಳೆ ಇರಬೇಕಾದ ಕಡೆ ಹೆಬ್ಬೆರಳು ತೂರುವಷ್ಟು ತೂತು. ಹಣೆಯ ಚರ್ಮವನ್ನು ಹುಬ್ಬಿನ ಹತ್ತಿರ ತೊಟ್ಟು ಬಿಡಿಸದೆ ಎಬ್ಬಿಸಿ, ಕೆಳಕ್ಕೆ ತಿರುಗಿಸಿ ಮೂಗಿಗೆ ಹೊಲಿಯಬೇಕು. ಮೂರು ವಾರ ಅದು ಹಾಗೇ ನೇತಾಡಬೇಕು. ಮೂಗಿನ ರಕ್ತ ಅದಕ್ಕೆ ಒಗ್ಗಿದ ಮೇಲೆ ತೊಟ್ಟು ಕತ್ತರಿಸಬೇಕು. ಮಾರಿಟ್ ಇಷ್ಟನ್ನೂ ಚಿತ್ರ ಬರೆದು ತೋರಿಸಿದಳು.

“ಇಂಥವು ಎಷ್ಟು ಮಾಡಿದೀರಿ?”

“ಹನ್ನೊಂದು.”

“ಎಷ್ಟು ಕೆಟ್ಟಿವೆ?”

“ಒಂದು. ತುದೀಲಿ ಬಟಾಣಿ ಕಾಳಿನಷ್ಟು ಚರ್ಮ ಸತ್ತುಹೋಯ್ತು. ಅವರು ತುಂಬ ಸಿಗರೇಟು ಸೇದ್ತಿದ್ರು. ಆದ್ರೆ ಸೇದ್ತಾರೆ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಬಿಡಿಸಿ, ಆಮೇಲೆ ಮಾಡ್ಬೇಕಿತ್ತು.”

ಹಿಲ್ಮಾ ಆ ಚಿತ್ರವನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡರು. ಮಿನಿಯಾಪೊಲಿಸಿನಲ್ಲಿ ಆ ಸರ್ಟಿಫಿಕೇಟು ಇರುವ ಡಾಕ್ಟರೊಬ್ಬರಿದ್ದಾರೆ, ನಾದಿನಿ ಹೆಸರು ಬರೆದುಕೊಟ್ಟಿದ್ದಾಳೆ, ಯೋಚನೆ ಮಾಡಿ ಹೇಳುತ್ತೇನೆ ಎಂದು ಎದ್ದುಹೋದರು. ಇನ್ನು ಇವರು ಬರುವುದಿಲ್ಲ ಎಂದುಕೊಂಡಳು ಮಾರಿಟ್. ಅವರ ಜಾಗದಲ್ಲಿದ್ದರೆ ತಾನೂ ಬರುತ್ತಿರಲಿಲ್ಲ.

ಮೂರನೆಯ ದಿನ ಫೋನು ಎತ್ತಿಕೊಂಡ ಥೆಲ್ಮಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ಬಂದಳು. “ನಿಮ್ಮ ಬಸ್ಸಮ್ಮ. ‘ಆ ಫೇಲಾಗಿರೋ ಡಾಕ್ಟ್ರ ಹತ್ರಾನೇ ದಿನ ಗೊತ್ತು ಮಾಡಿ’ ಅಂತಿದಾರೆ. ಆ ದೊಡ್ಡ ಡಾಕ್ಟ್ರ ಆಫೀಸಿಗೆ ಫೋನ್ ಮಾಡಿ ಎಷ್ಟು ಕೆಟ್ಟಿವೆ ಅಂತ ಕೇಳಿದ್ರಂತೆ. ಅಂಥದ್ದೆಲ್ಲ ಫೋನಲ್ಲಿ ಹೇಳಲ್ಲ ಅಂದ್ರಂತೆ. ‘ಹಾಗಾದ್ರೆ ಮೂಗೂ ಫೋನಲ್ಲಿ ಕೊಡಲ್ಲ’ ಅಂದು ಇಟ್ಬಿಟ್ರಂತೆ.”

*

ಮಾರಿಟ್ ಕೆಲಸ ಮಾಡುತ್ತಿದ್ದ ಕ್ಲಿನಿಕ್ಕು ಡಾಕ್ಟರ್ ಗಾರ್ಡನ್ ಎಕ್ ಅವರದು. ಅರವತ್ತೆಂಟು ವರ್ಷದ ಅವರು ನಲವತ್ತು ವರ್ಷದಿಂದ ಆ ಊರಿನ ಮುಖಗಳನ್ನು ಹೊಲಿಯುತ್ತ ಬಂದಿದ್ದರು. ಕಾರಿನ ಗಾಜಿಗೆ ಬಡಿದವು, ನಾಯಿ ಕಚ್ಚಿದವು, ಗಣಿಯಲ್ಲಿ, ಅದಿರಿನ ಹಡಗಿನಲ್ಲಿ ಪೆಟ್ಟು ತಿಂದವು. ಮುಖದ ಬೋರ್ಡಿನ ಗೊಡವೆಗೆ ಅವರು ಹೋದವರಲ್ಲ. ಮಾರಿಟ್ ಮೊದಲ ಸಲ ಅರ್ಜಿ ತುಂಬುತ್ತಿದ್ದಾಗ, “ನನ್ನ ಸರ್ಟಿಫಿಕೇಟುಗಳೆಲ್ಲ ರಸ್ತೇಲಿ ಓಡಾಡ್ತವೆ ಕಣಮ್ಮ, ಅವಕ್ಕೆ ಮೊಳೆ ಹೊಡಿಯೋಕಾಗಲ್ಲ,” ಎಂದು ಚುಡಾಯಿಸಿದ್ದರು. ಆದರೂ ಅವಳು ಫೇಲಾಗಿ ಬಂದ ವಾರ ತಮ್ಮ ಕಷ್ಟದ ಕೇಸುಗಳನ್ನೆಲ್ಲ ಬೇಕೆಂದೇ ಅವಳಿಗೆ ಕೊಟ್ಟಿದ್ದರು.

ಡಿಸೆಂಬರ್ ಹದಿನೇಳರಂದು ಹಿಲ್ಮಾ ಅವರ ಆಪರೇಷನ್ ಆಯಿತು. ಮಾರಿಟ್ ಕಿವಿಯಿಂದ ತೆಳ್ಳನೆಯ ಮೃದ್ವಸ್ಥಿ ತೆಗೆದು ಹೊಳ್ಳೆಗೆ ಆಧಾರ ಕೊಟ್ಟು, ಅದರ ಮೇಲೆ ಹಣೆಯ ಚರ್ಮ ಹೊದಿಸಿ, ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದಳು. ನಾಲ್ಕು ಗಂಟೆ ಹಿಡಿಯಿತು. ಅಂಚು ಎಷ್ಟು ನಯವಾಗಿ ಕೂತಿತೆಂದರೆ ಫೋಟೋ ತೆಗೆಯುತ್ತಿದ್ದ ಥೆಲ್ಮಾ, “ಮೊದಲನೇ ದಿನಾನೇ ಇಷ್ಟು ಚಂದದ ಮೂಗು ನಾನು ನೋಡಿಲ್ಲ,” ಎಂದಳು. ಮಾರಿಟ್‌ಗೂ ಒಳಗೊಳಗೆ ಹಾಗೇ ಅನಿಸಿತ್ತು.

ಮಾರನೆಯ ದಿನ ಕನ್ನಡಿ ಕೇಳಿ ಇಸಿದುಕೊಂಡ ಹಿಲ್ಮಾ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡರು. ಹುಬ್ಬಿನ ನಡುವಿನಿಂದ ಮೂಗಿನವರೆಗೆ ಬೆರಳು ದಪ್ಪದ ಚರ್ಮ ಸೇತುವೆಯಂತೆ ಇಳಿದಿತ್ತು. “ಆನೆಮರಿ,” ಎಂದರು ಕೊನೆಗೆ. “ಸೊಂಡಿಲು ಇಟ್ಕೊಂಡು ಕ್ರಿಸ್‌ಮಸ್ ದಿನ ಚರ್ಚಿಗೆ ಹೋಗ್ತೀನಿ. ಪಾದ್ರಿ ಪ್ರಸಂಗ ಮರ್ತುಹೋಗ್ಲಿ.”

ನಾಲ್ಕನೆಯ ದಿನ ಬೆಳಿಗ್ಗೆ ನೋಡಿದಾಗ ಹೊಳ್ಳೆಯ ಅಂಚು ನೀಲಿಗಟ್ಟಿತ್ತು.

ಒಳಕ್ಕೆ ಹೋದ ರಕ್ತ ಹೊರಕ್ಕೆ ಬರಲಾರದೆ ನಿಂತಾಗ ಬರುವ ಬಣ್ಣ ಅದು. ಪರೀಕ್ಷೆಯಲ್ಲಿ ಕೇಳಿದ್ದೂ ಇದೇ ಬಣ್ಣವನ್ನು. ಮಾರಿಟ್ ದೀಪ ಹತ್ತಿರಕ್ಕೆ ಎಳೆದುಕೊಂಡಳು. ಬಿಗಿಯಾಗಿದ್ದ ನಾಲ್ಕು ಹೊಲಿಗೆ ಬಿಚ್ಚಿದಳು. ಸೂಜಿಯಿಂದ ಚುಚ್ಚಿದಾಗ ಕಪ್ಪು ರಕ್ತ ಜಿನುಗಿತು. ಸಂಜೆಯಾದರೂ ಬಣ್ಣ ತಿರುಗಲಿಲ್ಲ. ಆಸ್ಪತ್ರೆಯ ಔಷಧಿ ವಿಭಾಗಕ್ಕೆ ಹೇಳಿ ಜಿಗಣೆ ತರಿಸಿದಳು.

“ಜಿಗಣೆಯಾ?” ಎಂದರು ಹಿಲ್ಮಾ. “ಚಿಕ್ಕವಳಾಗಿದ್ದಾಗ ಸೌನಾದ ಹಬೆ ಕೋಣೆಯಿಂದ ಓಡಿಬಂದು ಕೆರೆಗೆ ಧುಮುಕ್ತಿದ್ವಿ. ಕಾಲಿಗೆ ಕಚ್ಕೊಂಡಿದ್ದನ್ನ ಉಪ್ಪು ಹಾಕಿ ಕಿತ್ತು ಬಿಸಾಕ್ತಿದ್ದೆ. ಈಗ ಅದಕ್ಕೆ ಮೂಗು ಕೊಡ್ಬೇಕಾ?”

“ನಿಂತಿರೋ ರಕ್ತ ಹೀರುತ್ತೆ. ಅಷ್ಟರಲ್ಲಿ ಚರ್ಮ ತನ್ನ ದಾರಿ ತಾನು ಮಾಡ್ಕೊಳ್ಳುತ್ತೆ. ಆದ್ರೆ ಒಂದು ಮಾತು. ಇದು ಸರಿಹೋಗ್ದೇನೂ ಇರ್ಬಹುದು.”

ಹಿಲ್ಮಾ ಅವಳ ಮುಖವನ್ನೇ ನೋಡಿದರು. “ಸರಿಹೋಗ್ಲೇಬೇಕು ಅನ್ಲಿಲ್ವಲ್ಲ ಈ ಸಲ,” ಎಂದು ಕಣ್ಣು ಮುಚ್ಚಿಕೊಂಡರು.

ಬಹುಪಾಲು ಉಳಿಯಿತು. ಅಂಚಿನಲ್ಲಿ ಗೋಧಿಕಾಳಿನಷ್ಟು ಕಪ್ಪಾಗಿ ಉದುರಿತು. ಜನವರಿ ಏಳರಂದು ತೊಟ್ಟು ಕತ್ತರಿಸಿ, ಹುಬ್ಬು ಸರಿಮಾಡಿ, ಮೂಗಿಗೆ ಅದರ ಆಕಾರ ಕೊಟ್ಟ ಮೇಲೆ ನೋಡಿದರೆ ಮೂಗು ಮೂಗಿನ ಹಾಗೇ ಇತ್ತು. ಎಡ ಹೊಳ್ಳೆಯ ಅಂಚು ಮಾತ್ರ ಯಾರೋ ಹಲ್ಲಲ್ಲಿ ಕಚ್ಚಿದಂತೆ ತಗ್ಗಾಗಿತ್ತು. ಏಪ್ರಿಲ್‌ನಲ್ಲಿ ಸರಿಮಾಡೋಣ ಎಂದಳು ಮಾರಿಟ್.

*

ಮಂಡಳಿಗೆ ಪಟ್ಟಿ ಕಳಿಸಲು ಜನವರಿ ಕೊನೆಯ ದಿನ ಗಡುವು. ಥೆಲ್ಮಾ ಕಂಪ್ಯೂಟರಿನ ಮುಂದೆ ಕೂತು ಎರಡು ವರ್ಷದ ಮುಖಗಳನ್ನು ಒಂದೊಂದಾಗಿ ದಾಖಲಿಸುತ್ತಿದ್ದಳು. ಮುರಿದ ದವಡೆ, ಜೋಲುಬಿದ್ದ ರೆಪ್ಪೆ, ಸೀಳುತುಟಿ, ಡೊಂಕು ಮೂಗು. ಒಟ್ಟು ಇನ್ನೂರ ಹದಿನಾರು. ಕೊನೆಯದು ಹಿಲ್ಮಾ ರೌಟಿಯೊ.

ಕಾಫಿ ಲೋಟ ಹಿಡಿದು ಅತ್ತ ಬಂದ ಗಾರ್ಡನ್ ಥೆಲ್ಮಾಳ ಭುಜದ ಮೇಲಿಂದ ಇಣುಕಿದರು. “ಇದನ್ನ ಯಾಕೆ ಇದ್ರಲ್ಲಿ ಹಾಕ್ತೀರಿ? ಕೆಲ್ಸ ಮುಗಿದಿದ್ದು ಜನವರೀಲಿ ಅಲ್ವಾ?”

“ಶುರುವಾಗಿದ್ದು ಡಿಸೆಂಬರಲ್ಲಿ,” ಎಂದಳು ಪಕ್ಕದಲ್ಲಿದ್ದ ಮಾರಿಟ್.

“ಎರಡು ಸಲದ ಆಪರೇಷನ್ನಿಗೆ ಯಾವ ದಿನ ಬರೀಬೇಕು ಅಂತ ಅವರ ನಿಯಮದ ಪುಸ್ತಕದಲ್ಲಿ ಇದೆಯಾ?”

ಥೆಲ್ಮಾ ಹುಡುಕಿದಳು. ಅಂಥದ್ದೇನೂ ಇರಲಿಲ್ಲ.

“ಮತ್ತೇನು? ಮುಗಿದ ದಿನ ಬರಿ. ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತೆ. ಸುಳ್ಳಲ್ಲ, ಮೋಸ ಅಲ್ಲ. ಒಂದು ಸಲ ಫೇಲಾಗಿದ್ದೀಯ. ಇಂಥ ಹನ್ನೆರಡ್ರಲ್ಲಿ ಎರಡು ಕೆಟ್ಟಿವೆ ಅಂತ ನೀನೇ ತಟ್ಟೇಲಿಟ್ಟು ಕೊಡ್ಬೇಕಾ? ನಿನ್ನ ಕೈ ಎಂಥದ್ದು ಅಂತ ನಂಗೊತ್ತು ಮಾರಿಟ್. ಅವರಿಗೆ ಗೊತ್ತಿಲ್ಲ.”

ಮಾರಿಟ್ ಕಿಟಕಿಯ ಕಡೆ ನೋಡಿದಳು. ಕೆಳಗೆ ಸರೋವರ ಹೆಪ್ಪುಗಟ್ಟಿ ಬಿಳಿಚಿಕೊಂಡಿತ್ತು. ಎರಡು ವರ್ಷದ ದುಡಿಮೆ, ಒಂದು ಸಲದ ಅವಮಾನ, ಮುಂದಿನ ಜೂನ್ ತಿಂಗಳ ಪರೀಕ್ಷೆ ಎಲ್ಲ ಒಟ್ಟಿಗೆ ಎದೆಯ ಮೇಲೆ ಕೂತ ಹಾಗಿತ್ತು.

“ಸರಿ. ಜನವರಿಗೆ ಹಾಕು ಥೆಲ್ಮಾ,” ಎಂದಳು.

ಥೆಲ್ಮಾ ಕೀಲಿಮಣೆಯತ್ತ ಬಾಗಿದಳು. ಆ ಸಾಲು ಅಳಿಸಿದಳು. ಇನ್ನೂರ ಹದಿನೈದು.

ಮಾರನೆಯ ದಿನ ಹಿಲ್ಮಾ ತಪಾಸಣೆಗೆ ಬಂದರು. ಏಲಕ್ಕಿ ಹಾಕಿ ಹೆಣೆದ ಬ್ರೆಡ್ಡೊಂದನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅದನ್ನು ಮೇಜಿನ ಮೇಲಿಟ್ಟು ಕೂತರು. ಮಾರಿಟ್ ಹೊಳ್ಳೆಯ ಒಳಗೆ ದೀಪ ಬಿಟ್ಟು ನೋಡುತ್ತಿರುವಾಗ ನಿಧಾನವಾಗಿ ಹೇಳಿದರು:

“ಡಾಕ್ಟ್ರೇ, ನಾನು ಒಂದು ಯೋಚ್ನೆ ಮಾಡಿದೀನಿ. ಫೋಟೋ ಕಳ್ಸೋಕೆ ನನ್ನ ಸಹಿ ಬೇಕು ಅಂದಿದ್ರಲ್ಲ. ನಾನು ಹಾಕಲ್ಲ.”

“ಯಾಕೆ? ಮುಖ ತೋರಿಸೋದು ಇಷ್ಟ ಇಲ್ವಾ?”

“ಅಯ್ಯೋ, ಸೊಂಡಿಲು ಇಟ್ಕೊಂಡು ಅಂಗಡಿ ಬೀದಿಯೆಲ್ಲ ಸುತ್ತಿದೋಳು ನಾನು. ನಂಗೇನು ನಾಚ್ಕೆ? ಸಹಿ ಇಲ್ದೆ ಹೋದ್ರೆ ನನ್ನನ್ನ ಪಟ್ಟಿಯಿಂದ ಕೈಬಿಡ್ಬಹುದೇನೋ ಅಂತ. ನನ್ನ ಮೂಗಿಂದಾಗಿ ನೀವು ನಾಲ್ಕು ಜನದ ಮುಂದೆ ಮೂಗು ಕೊಯ್ಸಿಕೊಳ್ಳೋ ಹಾಗಾಗ್ಬಾರ್ದು. ಚೆನ್ನಾಗಿ ಆಗಿರೋರು ಬೇಕಾದಷ್ಟು ಜನ ಇದಾರಲ್ಲ, ಅವ್ರನ್ನ ಕಳ್ಸಿ.”

ಮಾರಿಟ್ ದೀಪ ಆರಿಸಿದಳು. ನಿನ್ನೆ ತಾನಾಗಿಯೇ ಕದ್ದುಕೊಂಡಿದ್ದನ್ನು ಇಂದು ಈ ಹೆಂಗಸು ದಾನವಾಗಿ ಕೊಡಲು ಬಂದಿದ್ದರು. ಸುಮ್ಮನೆ ‘ಆಗಲಿ’ ಎಂದರೂ ಆಗುತ್ತಿತ್ತು. ಆದರೆ ಮೊದಲ ದಿನದಿಂದ ಇವರೊಡನೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ರೂಢಿಯಾಗಿಬಿಟ್ಟಿತ್ತು.

“ಆಗ್ಲೇ ಕೈಬಿಟ್ಟಿದೀನಿ,” ಎಂದಳು. “ನಿನ್ನೇನೇ. ಮುಗಿದಿದ್ದು ಜನವರೀಲಿ ಅಂತ ನೆಪ ಹೇಳಿ.”

“ಓ,” ಎಂದರು ಹಿಲ್ಮಾ.

ಅಷ್ಟೇ. ಸಿಟ್ಟಿರಲಿಲ್ಲ. ಆದರೆ ಅವರ ಮುಖ ಸ್ವಲ್ಪವೇ ಇಳಿಯಿತು. ತಾವಾಗಿ ಕೊಡುವುದಕ್ಕೂ, ಕೇಳದೆ ತಮ್ಮನ್ನು ಆಚೆ ಇಟ್ಟಿದ್ದಾರೆ ಎಂದು ತಿಳಿಯುವುದಕ್ಕೂ ನಡುವಿನ ಅಂತರ ಆ ಮುಖದ ಮೇಲೆ ಹಾದುಹೋಯಿತು. ಮರುಕ್ಷಣವೇ ಸಾವರಿಸಿಕೊಂಡು, “ಒಳ್ಳೇದಾಯ್ತು ಬಿಡಿ, ಇಬ್ರ ಯೋಚ್ನೇನೂ ಒಂದೇ ಆಯ್ತಲ್ಲ,” ಎಂದರು. ಕೈ ತಾನಾಗಿಯೇ ಎಡ ಹೊಳ್ಳೆಯ ತಗ್ಗನ್ನು ಮುಟ್ಟಿಕೊಂಡಿತು.

ಅದನ್ನು ನೋಡಿದ ಮೇಲೆ ಮಾರಿಟ್‌ಗೆ ಕೂರಲಾಗಲಿಲ್ಲ. ಐದಾರು ದಿನ ಜಿಗಣೆಗೆ ಮುಖ ಕೊಟ್ಟು ಮಲಗಿದ್ದವರು ಇವರು. ಇವರು ಅಲ್ಲಿ ಇರಲೇ ಇಲ್ಲ ಎಂದು ಬರೆದುಕೊಟ್ಟು, ಅದರ ಮೇಲೆ ಸಿಗುವ ಕಾಗದದಲ್ಲಿ ಇರುವುದಾದರೂ ಏನು? ಪರಿಚಯವಿಲ್ಲದ ಇಬ್ಬರು ಕುಳಿತು, ಮುಲಾಜಿಲ್ಲದೆ, ನನ್ನ ಕೆಲಸವನ್ನೆಲ್ಲ ನೋಡಿದ್ದಾರೆ ಎಂಬುದಷ್ಟೇ ಆ ಕಾಗದದ ಅರ್ಥ. ಎಲ್ಲವನ್ನೂ ನೋಡಿಲ್ಲವಾದರೆ ಬಾಗಿಲಿಗೆ ಬೋರ್ಡು ಹಾಕಿಕೊಂಡ ಆ ಹೊಟ್ಟೆ ಡಾಕ್ಟರಿಗೂ ತನಗೂ ಹೆಚ್ಚು ದೂರವಿಲ್ಲ.

ಬಾಗಿಲು ತೆರೆದು ಕೂಗಿದಳು. “ಥೆಲ್ಮಾ, ಪಟ್ಟಿ ಕಳ್ಸಿದ್ಯಾ?”

“ಇಲ್ಲ.” ಥೆಲ್ಮಾ ತಲೆಯೆತ್ತಲಿಲ್ಲ. “ಬೆಳಿಗ್ಗೆಯಿಂದ ಇಂಟರ್ನೆಟ್ಟು ತುಂಬ ನಿಧಾನ.”

ಪಕ್ಕದ ಪರದೆಯ ಮೇಲೆ ಯಾರದೋ ಅಡುಗೆಯ ವಿಡಿಯೋ ಸರಾಗವಾಗಿ ಓಡುತ್ತಿತ್ತು.

“ಮಿಸೆಸ್ ರೌಟಿಯೊ ಅವರನ್ನ ವಾಪಸ್ ಸೇರ್ಸು. ಡಿಸೆಂಬರ್ ಹದಿನೇಳು. ತುದಿ ಸತ್ತಿದ್ದು, ಜಿಗಣೆ, ಎಲ್ಲ ಬರಿ.” ಒಳಕ್ಕೆ ತಿರುಗಿ, “ನಿಮ್ಮ ಸಹಿ ಬೇಕು ನಂಗೆ,” ಎಂದಳು.

“ಫೇಲಾದ್ರೆ?”

“ಆದ್ರೆ ಮುಂದಿನ ವರ್ಷ ಮತ್ತೆ ಹೋಗ್ತೀನಿ. ನೀವು ಎಷ್ಟನೇ ಸಲಕ್ಕೆ ಪಾಸಾದ್ರಿ?”

“ಮೂರನೇ ಸಲಕ್ಕೆ.” ಹಿಲ್ಮಾ ಪೆನ್ನು ಹಿಡಿದು, ಶಾಲೆಯ ಹುಡುಗಿಯಂತೆ ಬಾಗಿ, ಪೂರ್ತಿ ಹೆಸರು ಬರೆದರು. ಆಮೇಲೆ ತಲೆಯೆತ್ತಿ, “ಒಳ್ಳೇ ಫೋಟೋ ಆರ್ಸಿ. ಜಿಗಣೆ ಇರೋದ್ರಲ್ಲಿ ನನ್ನ ಕಣ್ಣು ಮುಚ್ಚಿದೆ,” ಎಂದರು.

ಗಾರ್ಡನ್‌ಗೆ ವಿಷಯ ತಿಳಿದದ್ದು ಸಂಜೆಗೆ. “ನಿನ್ನ ತಲೆ ಕೆಟ್ಟಿದೆ,” ಎಂದಷ್ಟೇ ಹೇಳಿ, ಬ್ರೆಡ್ಡಿನ ದೊಡ್ಡ ತುಂಡೊಂದನ್ನು ಮುರಿದುಕೊಂಡು ಹೊರಟರು.

*

ಏಪ್ರಿಲ್‌ನಲ್ಲಿ ಮಾರಿಟ್ ಕಿವಿಯ ಹಿಂದಿನ ಚರ್ಮದ ಚೂರು ಹಚ್ಚಿ ಹಿಲ್ಮಾ ಅವರ ಹೊಳ್ಳೆಯ ತಗ್ಗು ತುಂಬಿಸಿದಳು. ಪೂರ್ತಿ ಹೋಗಲಿಲ್ಲ; ಗೊತ್ತಿದ್ದು ಹುಡುಕಿದವರಿಗೆ ಮಾತ್ರ ಕಾಣುತ್ತಿತ್ತು.

ಜೂನ್‌ನಲ್ಲಿ ಪರೀಕ್ಷೆ, ಷಿಕಾಗೋದ ಹೋಟೆಲೊಂದರಲ್ಲಿ. ಉದ್ದನೆಯ ಕಾರಿಡಾರಿನ ಎರಡೂ ಕಡೆ ಬಾಗಿಲುಗಳು, ಪ್ರತಿ ಬಾಗಿಲ ಪಕ್ಕ ಒಂದು ಕುರ್ಚಿ, ಪ್ರತಿ ಕುರ್ಚಿಯ ಮೇಲೆ ಬಾಯಿ ಒಣಗಿಸಿಕೊಂಡ ಒಬ್ಬ ಡಾಕ್ಟರು. ಗಂಟೆ ಬಾರಿಸಿದೊಡನೆ ಎಲ್ಲರೂ ಒಟ್ಟಿಗೆ ಎದ್ದು ಬಾಗಿಲು ತಟ್ಟಿದರು.

ಒಳಗೆ ಇಬ್ಬರು: ನರೆಗೂದಲನ್ನು ಕತ್ತಿನವರೆಗೆ ಕತ್ತರಿಸಿದ್ದ ಹೆಂಗಸು, ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಗಂಡಸು. ಎರಡು ಕೇಸು ಮುಗಿದ ಮೇಲೆ ಪರದೆಯ ಮೇಲೆ ಹಿಲ್ಮಾ ಮೂಡಿದರು, ಹಣೆಯಿಂದ ಇಳಿದ ಸೊಂಡಿಲಿನೊಡನೆ. ಮಾರಿಟ್‌ಗೆ ಊರಿನವರನ್ನು ಕಂಡ ಹಾಗಾಯಿತು.

“ಇದು ನಾಲ್ಕನೇ ದಿನದ್ದು,” ಎಂದರು ಆ ಹೆಂಗಸು. “ಏನ್ ಮಾಡಿದ್ರಿ?”

ಹೇಳಿದಳು.

“ಸರಿಹೋಯ್ತಾ?”

“ಪೂರ್ತಿ ಹೋಗ್ಲಿಲ್ಲ. ಅಂಚಿನಲ್ಲಿ ನಾಲ್ಕು ಮಿಲಿಮೀಟರ್ ಹೋಯ್ತು.”

“ಯಾಕೆ ಹೋಯ್ತು ಅಂತೀರಿ? ಇವರಿಗೆ ಸಕ್ಕರೆ ಕಾಯಿಲೆ? ಸಿಗರೇಟು?”

“ಎರಡೂ ಇಲ್ಲ. ತಪ್ಪು ನಂದು. ಅಂಚನ್ನ ಮೊದಲನೇ ದಿನಾನೇ ತುಂಬ ತೆಳು ಮಾಡ್ದೆ. ದಪ್ಪಗೇ ಬಿಟ್ಟು, ಮೂರು ವಾರ ಆದ್ಮೇಲೆ ತೆಳು ಮಾಡ್ಬೇಕಿತ್ತು. ನಂಗದು ಗೊತ್ತಿತ್ತು.”

“ಗೊತ್ತಿದ್ದೂ?”

ಮಾರಿಟ್ ಪರದೆಯ ಕಡೆ ನೋಡಿದಳು. ಇದನ್ನು ಯಾರಿಗೂ ಹೇಳಿರಲಿಲ್ಲ, ಹಿಲ್ಮಾಗೆ ಕೂಡ. ತನಗೆ ತಾನೇ ಸ್ಪಷ್ಟವಾಗಿ ಹೇಳಿಕೊಂಡದ್ದೂ ಬಹಳ ದಿನದ ಮೇಲೆ.

“ಪಟ್ಟಿಗೆ ಅದೇ ಕೊನೇದಾಗುತ್ತೆ ಅಂತ ಗೊತ್ತಿತ್ತು. ಫೋಟೋದಲ್ಲಿ ಚೆನ್ನಾಗಿ ಕಾಣ್ಲಿ ಅಂತ ಮಾಡ್ದೆ. ನೀವು ನೋಡ್ತೀರಿ ಅಂತ.”

ಬರೆಯುತ್ತಿದ್ದ ಗಂಡಸು ಪೆನ್ನು ನಿಲ್ಲಿಸಿ ತಲೆಯೆತ್ತಿದ. ಹೆಂಗಸಿನ ಮುಖದಲ್ಲಿ ಏನೂ ಬದಲಾಗಲಿಲ್ಲ.

“ಈಗ ಅಂಥ ಅಂಚು ಹೇಗೆ ಮಾಡ್ತೀರಿ?”

“ದಪ್ಪಗೆ ಬಿಡ್ತೀನಿ. ಮಾರ್ಚಿಂದ ಈಚೆಗೆ ಮೂರು ಮಾಡಿದೀನಿ. ಮೊದಲನೇ ದಿನ ಆಲೂಗಡ್ಡೆ ಥರ ಕಾಣುತ್ತೆ. ಹಾಗೇ ಕಾಣುತ್ತೆ ಅಂತ ಮೊದ್ಲೇ ಹೇಳ್ಬಿಡ್ತೀನಿ.”

“ಮುಂದಿನ ಕೇಸು,” ಎಂದರು ಆ ಹೆಂಗಸು.

ಹೊರಗೆ ಬಂದಾಗ ಮಾರಿಟ್‌ಗೆ ಗೆದ್ದೆನೋ ಬಿದ್ದೆನೋ ಒಂದೂ ತಿಳಿಯಲಿಲ್ಲ. ಹಸಿವು ಮಾತ್ರ ಜೋರಾಗಿತ್ತು. ಬೀದಿ ಬದಿಯಲ್ಲಿ ನಿಂತು ಎರಡು ಹಾಟ್‌ಡಾಗ್ ತಿಂದು ರೈಲು ಹತ್ತಿದಳು.

ಉತ್ತರಕ್ಕೆ ಎರಡು ತಿಂಗಳು ಕಾಯಬೇಕಿತ್ತು. ಜುಲೈ ನಡುವಿನಲ್ಲಿ ಒಂದು ಮಧ್ಯಾಹ್ನ, ರೋಗಿಗಳೆಲ್ಲ ಮುಗಿದ ಮೇಲೆ, ಗಾರ್ಡನ್ ಅವಳ ಕೋಣೆಗೆ ಬಂದು ರೋಗಿಗಳ ಕುರ್ಚಿಯಲ್ಲಿ ಕೂತರು. ಅದನ್ನು ಕಂಡು ಮಾರಿಟ್ ನಕ್ಕಳು. ಅವರು ನಗಲಿಲ್ಲ. ಕನ್ನಡಕ ತೆಗೆದು ಬಲಗಣ್ಣಿನ ಕೆಳಗೆ ಬೆರಳಿಟ್ಟು ತೋರಿಸಿದರು. ಅಕ್ಕಿಕಾಳಿನಷ್ಟು ಹೊಳಪಾದ ಗಂಟು, ನಡುವೆ ಸಣ್ಣ ಹುಣ್ಣು.

“ಎಷ್ಟು ದಿನದಿಂದ ಇದೆ?”

“ಬಯ್ಯಲ್ಲ ಅಂದ್ರೆ ಹೇಳ್ತೀನಿ. ಎರಡು ವರ್ಷ.”

“ಗಾರ್ಡನ್!”

“ಗೊತ್ತು, ಗೊತ್ತು. ಚೂರು ತೆಗೆದು ನೋಡಿಸ್ದೆ. ಅದೇನೇ, ಕ್ಯಾನ್ಸರು. ಚರ್ಮದೋನು ತೆಗೆದುಕೊಡ್ತಾನೆ. ರೆಪ್ಪೆ ಕಟ್ಟೋದು ನಿನ್ನ ಕೆಲ್ಸ.”

ಮಾರಿಟ್ ಬೆಳಕು ಹತ್ತಿರ ತಂದಳು. ಕೆಳರೆಪ್ಪೆ ಎಂದರೆ ಕೂದಲೆಳೆಯಷ್ಟು ತಪ್ಪಿದರೂ ಜೀವಮಾನವೆಲ್ಲ ಕಣ್ಣು ನೀರು ಸುರಿಸುವ ಜಾಗ. “ಮಿನಿಯಾಪೊಲಿಸಲ್ಲಿ ನಿಮ್ಮ ಸ್ನೇಹಿತರೇ ಇದಾರಲ್ಲ,” ಎಂದಳು. “ನಂಗಿನ್ನೂ ಪತ್ರ ಬಂದಿಲ್ಲ. ಬರುತ್ತೋ ಇಲ್ವೋ ಗೊತ್ತೂ ಇಲ್ಲ.”

“ಪತ್ರದ ಮಾತು ನಾನು ಎತ್ತಿದ್ನಾ?” ಗಾರ್ಡನ್ ಕನ್ನಡಕವನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿದರು. “ನೋಡು, ನಲವತ್ತು ವರ್ಷದಲ್ಲಿ ನಾನೂ ಕೆಡಿಸಿದೀನಿ. ಎಷ್ಟು ಅಂತ ನಂಗೊಬ್ಬನಿಗೇ ಗೊತ್ತು. ಕೆಲವು ನಂಗೂ ಮರ್ತುಹೋಗಿವೆ, ಮರೀಲಿ ಅಂತಾನೇ ಬಿಟ್ಟಿದ್ದೆ. ನೀನು ಜನವರೀಲಿ ಆ ಪಟ್ಟಿ ಕಳ್ಸಿದ ದಿನ ನಂಗೆ ಸಿಟ್ಟು ಬಂತು. ನಿನ್ ಮೇಲೆ ಅಂದ್ಕೊಂಡಿದ್ದೆ.” ಮಾತು ಅಲ್ಲಿಗೇ ನಿಲ್ಲಿಸಿ ಎದ್ದರು. “ಗುರುವಾರ ಆಗುತ್ತಾ?”

“ಗುರುವಾರ ಆಗುತ್ತೆ. ಮೊದಲನೇ ವಾರ ಅಸಹ್ಯವಾಗಿ ಕಾಣುತ್ತೆ.”

“ಈಗೇನು ಸುಂದರಾಂಗ ಅಂದ್ಕೊಂಡಿದೀಯಾ?”

ಗುರುವಾರ ಆಪರೇಷನ್ ಆಯಿತು. ಕೆನ್ನೆಯ ಚರ್ಮವನ್ನು ಸರಿಸಿ ರೆಪ್ಪೆ ಕಟ್ಟಿದಳು, ಅವಸರವಿಲ್ಲದೆ.

ಮುಂದಿನ ಬುಧವಾರ ಹೊಲಿಗೆ ಬಿಚ್ಚಲು ಗಾರ್ಡನ್ ಹಿಂದಕ್ಕೆ ಒರಗಿ ಕೂತಿದ್ದರು. ಮಾರಿಟ್ ಕತ್ತರಿ ಹಿಡಿದು ಬಾಗಿದ್ದಾಗ ಥೆಲ್ಮಾ ಬಾಗಿಲು ತಟ್ಟದೆ ಒಳಗೆ ಬಂದಳು. ಮಂಡಳಿಯ ಪತ್ರ ಎಣಿಸಿದ್ದಕ್ಕಿಂತ ಮೂರು ವಾರ ಮೊದಲೇ ಕಂಪ್ಯೂಟರಿಗೆ ಬಂದಿತ್ತು. ಥೆಲ್ಮಾ ಅದನ್ನು ಓದದೆ ಇರಬೇಕಿತ್ತು, ಓದಿದ್ದಳು. ಬಾಯಿ ತೆರೆಯುವ ಮೊದಲೇ ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

“ಪಾಸು,” ಎಂದಳು. “ಮಿಸೆಸ್ ರೌಟಿಯೊಗೆ ಫೋನ್ ಮಾಡಿ ಹೇಳ್ಬಿಟ್ಟೆ. ನಿಮಗಿಂತ ಮೊದ್ಲು. ಕ್ಷಮಿಸಿ, ತಡ್ಕೊಳ್ಳೋಕಾಗ್ಲಿಲ್ಲ.”

“ಏನಂದ್ರು?”

“‘ಹಾಗಾದ್ರೆ ನನ್ನ ಮೂಗೂ ಪಾಸಾಯ್ತು ಅನ್ನಿ’ ಅಂದ್ರು. ಆಮೇಲೆ ಫೋನಲ್ಲಿ ಮೂಗು ಸೊರ ಸೊರ ಅನ್ನೋದು ಕೇಳಿಸ್ತು. ಅಳ್ತಿದ್ರೇನೋ.”

ಗಾರ್ಡನ್ ಕುರ್ಚಿಯಿಂದ ಏಳಲು ಹೋದರು, ಎರಡೂ ಕೈ ಚಾಚಿ.

ಮಾರಿಟ್ ಅವರ ಹಣೆಗೆ ಅಂಗೈ ಕೊಟ್ಟು ಮೆಲ್ಲಗೆ ಹಿಂದಕ್ಕೆ ಒತ್ತಿದಳು. ಅವಳ ಕಣ್ಣೂ ಮಂಜಾಗಿತ್ತು, ತೋಳಿನಿಂದ ಒರೆಸಿಕೊಂಡಳು.

“ಅಲ್ಲಾಡ್ಬೇಡಿ,” ಎಂದಳು. “ಇನ್ನೂ ಎರಡು ಹೊಲಿಗೆ ಇದೆ.”